ಗಿರಿಯಪ್ಪಜ್ಜನ ಕಂಚಿನ ಪದಕ

ಪದಕಕ್ಕೆ ಹುಣಸೆಹುಳಿ ಹಚ್ಚಿ ತಿಕ್ಕಿದ್ದು ಅಮಿತಾ. ತಿಕ್ಕು ಎಂದು ಯಾರೂ ಹೇಳಿರಲಿಲ್ಲ, ತಿಕ್ಕಬೇಡ ಎಂದೂ ಹೇಳಿರಲಿಲ್ಲ.

ಕತಾರ್‌ನ ಅಲ್ ವುಕೈರ್‌ನಲ್ಲಿದ್ದ ಅವರ ಫ್ಲ್ಯಾಟಿನ ಹಾಲ್‌ನಲ್ಲಿ, ಟಿವಿಯ ಮೇಲುಗಡೆ, ಕೆಂಪು ಮಖಮಲ್ಲಿನ ಚೌಕಟ್ಟಿನೊಳಗೆ ಅದು ವರ್ಷಗಟ್ಟಲೆಯಿಂದ ತೂಗುತ್ತಿತ್ತು. ಗಂಡ ರಿತೇಶನ ಮುತ್ತಜ್ಜ ಗಿರಿಯಪ್ಪ ಮೊದಲನೇ ಮಹಾಯುದ್ಧಕ್ಕೆ ಹೋಗಿ ಬ್ರಿಟಿಷರಿಂದ ಪಡೆದ ಪದಕ. ಒಂದು ಬದಿಯಲ್ಲಿ ದೊರೆಯ ತಲೆ, ಇನ್ನೊಂದು ಬದಿಯಲ್ಲಿ ಕುದುರೆ ಏರಿದ ಬೆತ್ತಲೆ ಮನುಷ್ಯ. ಬಟ್ಟೆಯ ಪಟ್ಟಿ ಯಾವತ್ತೋ ಹರಿದುಹೋಗಿತ್ತು. ಕಪ್ಪು ಹಿಡಿದ ಬೆಳ್ಳಿ ಎಂದೇ ಮನೆಯವರೆಲ್ಲರ ನಂಬಿಕೆ.

ಮನೆಗೆ ಬಂದವರಿಗೆ ಚಹಾ ಬರುವ ಮೊದಲೇ ರಿತೇಶ ಅದನ್ನು ತೋರಿಸುತ್ತಿದ್ದ. "ನಮ್ಮ ಸುಬೇದಾರ್ ಗಿರಿಯಪ್ಪಜ್ಜ. ಇಲ್ಲೇ ಗಲ್ಫಿನ ಮೇಲ್ತುದಿಯ ಬಸ್ರಾದಲ್ಲಿ ತುರ್ಕಿಯವರ ಜೊತೆ ಫೈಟ್ ಮಾಡಿದವರು" ಎನ್ನುತ್ತಿದ್ದ. ಅಮಿತಾಳ ಅಪ್ಪ ಈ ಸಂಬಂಧಕ್ಕೆ ಒಪ್ಪಿದ್ದರಲ್ಲಿ ಸುಬೇದಾರರ ಮನೆ ಎಂಬ ಮಾತಿನ ಪಾಲೂ ಇತ್ತು.

ಆ ವರ್ಷ ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಕಾರ್ಯದರ್ಶಿ ಕೊನ್ಸೆಪ್ಟಾ ಬಾಯಿ ಹೊಸದೊಂದು ಯೋಚನೆ ತಂದಿದ್ದರು. ಪ್ರತಿ ಮನೆಯವರೂ ಹಿರಿಯರ ಕಾಲದ ಒಂದು ವಸ್ತು ತರಬೇಕು, ವೇದಿಕೆಯ ಮೇಲೆ ಎರಡು ಮಾತು ಹೇಳಬೇಕು. ರಿತೇಶ ಮೊದಲಿಗನಾಗಿ ಹೆಸರು ಕೊಟ್ಟ. ಬೆಳ್ಳಿಯ ವಸ್ತುವನ್ನು ಕಪ್ಪಾಗಿ ಒಯ್ಯುವುದು ಚೆನ್ನಾಗಿರುವುದಿಲ್ಲ ಎಂದುಕೊಂಡು ಅಮಿತಾ ಚೌಕಟ್ಟಿನ ಹಿಂದಿನ ಮೊಳೆ ತೆಗೆದು, ಪದಕವನ್ನು ಅಡುಗೆಮನೆಯ ಸಿಂಕಿಗೆ ತಂದಳು.

ತಿಕ್ಕಿದಂತೆ ಕಪ್ಪು ಹೋಯಿತು, ಬಿಳಿ ಬರಲಿಲ್ಲ. ಹೊಸ ಕಂಚಿನ ತಟ್ಟೆಯ ಕೆಂಪು ಬಂತು. ಅವಳು ಇನ್ನೂ ತಿಕ್ಕಿದಳು, ಇನ್ನೂ ಕೆಂಪಾಯಿತು. ಅಂಚಿನಲ್ಲಿ ತುಂಬಿದ್ದ ಕೊಳೆ ಕರಗಿ ಇಂಗ್ಲಿಷ್ ಅಕ್ಷರಗಳು ಎದ್ದವು. ಕನ್ನಡಕ ಹಾಕಿಕೊಂಡು, ಪದಕವನ್ನು ತಿರುಗಿಸುತ್ತಾ ಕೂಡಿಸಿ ಓದಿದಳು. ಒಂದು ನಂಬರು, ಲೇಬರರ್ ಗಿರಿಯಪ್ಪ, ಲೇಬರ್ ಕೋರ್, ಎಂದರೆ ಕೂಲಿಗಳ ಪಡೆ. ಸುಬೇದಾರ್ ಎಂಬುದು ಅಂಚಿನ ಸುತ್ತ ಎಲ್ಲೂ ಇರಲಿಲ್ಲ.

ಅವಳಿಗೆ ಮೊದಲು ನಗು ಬಂತು, ಆಮೇಲೆ ಗಂಡನ ಮುಖ ನೆನಪಾಗಿ ನಿಂತುಹೋಯಿತು. ರಿತೇಶ ಒಂದು ಕಟ್ಟಡ ಕಂಪನಿಯಲ್ಲಿ ಕೆಲಸಗಾರರ ಕ್ಯಾಂಪುಗಳನ್ನು ನೋಡಿಕೊಳ್ಳುವವನು. ಆಫೀಸು ವೆಸ್ಟ್ ಬೇಯ ಗಾಜಿನ ಗೋಪುರದಲ್ಲಿ, ಕೆಲಸ ಊರಾಚೆಯ ಕ್ಯಾಂಪುಗಳಲ್ಲಿ. ಮಗಳು ಮೋಕ್ಷಾ ತಟ್ಟೆಯಲ್ಲಿ ಅನ್ನ ಬಿಟ್ಟರೂ, ಯಾರೋ ಲಿಫ್ಟಿಗೆ ನುಗ್ಗಿದರೂ ಅವನ ಬಾಯಲ್ಲಿ ಬರುವುದು ಒಂದೇ ಬೈಗುಳ: "ಲೇಬರ್ ಬುದ್ಧಿ!"

ಸಂಜೆ ಅವನು ಬಂದು ಶೂ ಬಿಚ್ಚುವವರೆಗೆ ಕಾದು ಅಮಿತಾ ಪದಕವನ್ನು ಅವನ ಕೈಗಿಟ್ಟಳು. ಅವನು ಅಂಚನ್ನು ಓದಿದ. ಕಂಪ್ಯೂಟರ್ ಹಾಕಿ ಹುಡುಕಿದ. ಆ ಯುದ್ಧಕ್ಕೆ ಹೋದವರಿಗೆಲ್ಲ ಇದೇ ಪದಕ. ಸಿಪಾಯಿಗಳಿಗೆ ಬೆಳ್ಳಿಯದು, ಹೊರೆ ಹೊತ್ತವರಿಗೆ ಕಂಚಿನದು. ಅಲ್ಲಿ ಹಾಗೇ ಬರೆದಿತ್ತು.

"ಇದು ನಮ್ಮ ಅಜ್ಜನದ್ದಲ್ಲ. ಎಲ್ಲೋ ಅದಲುಬದಲಾಗಿದೆ" ಎಂದ.

"ಅಜ್ಜನದ್ದೇ" ಎಂದರು ಸೋಫಾದ ಮೂಲೆಯಲ್ಲಿ ಕೂತಿದ್ದ ಅವನ ತಾಯಿ ಪೂವಕ್ಕ. ವಿಸಿಟ್ ವೀಸಾದಲ್ಲಿ ಬಂದು ಒಂದು ತಿಂಗಳಾಗಿತ್ತು, ಮಾತು ಕಡಿಮೆ. "ನಾನು ಮದುವೆಯಾಗಿ ಬಂದಾಗ ಅಜ್ಜ ಗಟ್ಟಿಮುಟ್ಟಾಗಿದ್ರು. ಸುಬೇದಾರ ಅಂತ ಒಂದು ದಿನ ಹೇಳಿದವರಲ್ಲ ಮಗಾ. ಬಸ್ರಾದ ಬಂದರಿನಲ್ಲಿ ಹಡಗಿನಿಂದ ಮೂಟೆ ಇಳಿಸಿದ್ದು ಅಂತಲೇ ಹೇಳ್ತಿದ್ರು."

"ಹಾಗಾದ್ರೆ ಈ ಸುಬೇದಾರ ಎಲ್ಲಿಂದ ಬಂದದ್ದು?"

"ನಿನ್ನ ಅಪ್ಪ ಮಾಡಿದ್ದು. ಅವರ ತಂಗಿಗೆ ಗಂಡು ನೋಡುವಾಗ."

"ನೀನು ಯಾಕೆ ಸುಮ್ಮನೆ ಇದ್ದದ್ದು ಅಮ್ಮ?"

"ಸಂಬಂಧದ ಮಾತು ನಡೆಯುವಾಗ ಸೊಸೆ ಬಾಯಿ ಹಾಕ್ಲಿಕ್ಕುಂಟಾ? ಆಮೇಲೆ ನನ್ನ ಹತ್ರ ಕೇಳಿದವರು ಯಾರು? ನೀನೇ ಕೇಳಿದ್ದಿಲ್ಲ."

ಮರುದಿನ ರಿತೇಶ ಆಫೀಸಿನಿಂದ ಬೇಗ ಬಂದು ಅಮಿತಾಳನ್ನು ಕಾರು ಹತ್ತಿಸಿದ. ಪದಕ ಅವನ ಶರ್ಟಿನ ಜೇಬಿನಲ್ಲಿತ್ತು. ಎಲ್ಲಿಗೆ ಎಂದು ಅವಳಿಗೆ ತಿಳಿದದ್ದು ಚಿನ್ನದ ಪೇಟೆ ಸೂಕ್‌ನ ಬಳಿ ಕಾರು ನಿಂತಾಗ. ಅಲ್ಲಿ ಬೆಳ್ಳಿ ಅಂಗಡಿ ಇಟ್ಟಿದ್ದ ಇಸ್ಮಾಯಿಲ್ ಉಳ್ಳಾಲದ ಕಡೆಯ ಬ್ಯಾರಿ, ಊರಿನವರಿಗೆಲ್ಲ ಬೇಕಾದ ಮನುಷ್ಯ.

"ಕಾಕಾ, ಇದಕ್ಕೆ ಬೆಳ್ಳಿ ನೀರು ಹಾಕಿ ಕೊಡ್ಬೇಕು" ಎಂದ ರಿತೇಶ.

ಇಸ್ಮಾಯಿಲ್ ಪದಕವನ್ನು ದೀಪದ ಕೆಳಗೆ ಹಿಡಿದು ತಿರುಗಿಸಿದರು. "ಹಾಕುವ. ಮೊದಲು ಒಮ್ಮೆ ಎಲ್ಲಾ ಕಡೆ ಉಜ್ಜಬೇಕಾಗ್ತದೆ, ಇಲ್ಲದಿದ್ರೆ ನೀರು ಹಿಡಿಯುವುದಿಲ್ಲ. ಅಂಚಿನಲ್ಲಿ ಹೆಸರು ಉಂಟಲ್ಲ, ಅದು ಹೋದೀತು. ಪರವಾಗಿಲ್ವಾ?"

ರಿತೇಶ ತಡವರಿಸಿದ. "ಹೆಸರಿಗಿಂತ ಮೊದಲಿನ ಶಬ್ದ ಮಾತ್ರ ಹೋಗಿ ಹೆಸರು ಉಳಿಯುವ ಹಾಗೆ ಮಾಡ್ಲಿಕ್ಕಾಗ್ತದಾ?"

"ಎರಡೂ ಒಂದೇ ಸಾಲಿನಲ್ಲಿ ಉಂಟಲ್ಲ ಮಾರಾಯ್ರೆ! ಅಷ್ಟು ಸೂಕ್ಷ್ಮದ ಕೆಲಸ ನನ್ನಿಂದ ಆಗ್ಲಿಕ್ಕಿಲ್ಲ" ಎಂದು ಇಸ್ಮಾಯಿಲ್ ಅಂಚನ್ನು ಮತ್ತೊಮ್ಮೆ ಓದಿದರು. "ಲೇಬರ್ ಕೋರ್ ಅಂದ್ರೆ ಬಸ್ರಾಕ್ಕೆ ಹೋದವರಾ? ನಮ್ಮ ಉಪ್ಪಾನ, ಅಂದ್ರೆ ಅಪ್ಪನ ದೊಡ್ಡಪ್ಪನೂ ಹೋಗಿದ್ರಂತೆ. ವಾಪಸ್ ಬರ್ಲಿಲ್ಲ. ಪದಕವೂ ಬರ್ಲಿಲ್ಲ."

ಅಮಿತಾ ಕೈ ಚಾಚಿದಳು. "ಬೇಡ ಕಾಕಾ, ಖಲಾಸ್. ಇಲ್ಲಿ ಕೊಡಿ."

ಗಂಡ ಏನಾದರೂ ಅನ್ನುವ ಮೊದಲೇ ಅದನ್ನು ಪರ್ಸಿಗೆ ಹಾಕಿಕೊಂಡು ಹೊರಗೆ ಬಂದಳು. ಕಾರಿನಲ್ಲಿ ಜಗಳವಾಯಿತು. ಸಂಘದಲ್ಲಿ ಮುಖ ತೋರಿಸುವುದು ಹೇಗೆ ಎಂದ ಅವನು. ಎಷ್ಟು ಜನರಿಗೆ ಹೇಳಿದ್ದೇನೆ, ಕಂಪನಿಯ ಬ್ರಿಟಿಷ್ ಮ್ಯಾನೇಜರನನ್ನೂ ಊಟಕ್ಕೆ ಕರೆದು ತೋರಿಸಿದ್ದೇನೆ ಎಂದ.

"ನನ್ನ ಅಪ್ಪನಿಗೂ ಹೇಳಿದ್ರಿ" ಎಂದಳು ಅಮಿತಾ. "ಅದಕ್ಕೆ ನಾನೇನು ವಾಪಸ್ ಹೋಗುವುದಿಲ್ಲ. ಆದ್ರೆ ಅಜ್ಜನ ಹೆಸರನ್ನೇ ಉಜ್ಜಿ ತೆಗೆದ ಮೇಲೆ ನಾವು ಗೋಡೆ ಮೇಲೆ ಯಾರ ಪದಕ ಇಡುವುದು? ಹೇಳಿ."

ಅಲ್ ವುಕೈರ್‌ನಲ್ಲಿ ಕಾರು ನಿಲ್ಲಿಸಿದ ಮೇಲೆ ಅವನು, ಇಳಿಯದೆ, "ದಿನಾ ಕ್ಯಾಂಪಿನಲ್ಲಿ ನಾನು ಯಾರನ್ನು ಏನಂತ ಬೈತೇನೆ, ನಿನಗೆ ಗೊತ್ತುಂಟಲ್ಲ" ಎಂದ. ಅಮಿತಾ ಗೊತ್ತುಂಟು ಎಂದಳು. ಅಷ್ಟೇ. ಸಂಘಕ್ಕೆ ಫೋನು ಮಾಡಿ ಹೆಸರು ತೆಗೆಸುತ್ತಾನೆಂದೇ ಅವಳು ತಿಳಿದಿದ್ದಳು.

ಅವನು ತೆಗೆಸಲಿಲ್ಲ. ಶುಕ್ರವಾರ ಸಂಜೆ ತುಂಬಿದ ಸಭೆಯಲ್ಲಿ ಕೊನ್ಸೆಪ್ಟಾ ಬಾಯಿ ಮೈಕಿನಲ್ಲಿ, "ಈಗ ಸುಬೇದಾರ್ ಗಿರಿಯಪ್ಪ ಅವರ ಮರಿಮೊಮ್ಮಗ" ಎಂದು ಕರೆದರು. ರಿತೇಶ ಪದಕ ಹಿಡಿದು ಮೇಲೆ ಹೋದ. ಅವನು ಏನು ಹೇಳಲಿದ್ದಾನೆಂದು ಅಮಿತಾಳಿಗೂ ಗೊತ್ತಿರಲಿಲ್ಲ.

"ಒಂದು ತಿದ್ದುಪಡಿ ಉಂಟು" ಎಂದು ಶುರುಮಾಡಿದ. ನೀರು ಕುಡಿದ. "ನಮ್ಮ ಮುತ್ತಜ್ಜ ಸುಬೇದಾರ ಅಲ್ಲ. ಲೇಬರ್ ಆಗಿದ್ದವರು. ಬಸ್ರಾದ ಬಂದರಿನಲ್ಲಿ ಮೂಟೆ ಹೊತ್ತವರು. ಇದು ಬೆಳ್ಳಿಯೂ ಅಲ್ಲ, ಕಂಚು. ಇಷ್ಟು ವರ್ಷ ನಾನು ತಪ್ಪು ಹೇಳಿದ್ದೆ. ಅವರ ಹೆಸರು ಅಂಚಿನಲ್ಲಿ ಉಂಟು, ಬೇಕಾದವರು ಓದಬಹುದು."

ಚಪ್ಪಾಳೆ ತಡವಾಗಿ ಬಂತು, ಜೋರಾಗಿಯೂ ಬರಲಿಲ್ಲ. ಮುಂದಿನ ಸಾಲಿನ ಒಬ್ಬರು ಪಕ್ಕದವರ ಕಿವಿಯಲ್ಲಿ, "ಇದನ್ನೆಲ್ಲ ಹೇಳುವ ಅಗತ್ಯ ಇತ್ತಾ?" ಎಂದದ್ದು ಅಮಿತಾಳಿಗೆ ಕೇಳಿಸಿತು. ಊಟದ ಹೊತ್ತಿಗೆ ಪದಕ ಕೈಯಿಂದ ಕೈಗೆ ಹೋಯಿತು. ಕೆಲವರು ಅಂಚನ್ನು ಓದಿದರು, ಕೆಲವರು ಕುದುರೆಯವನನ್ನಷ್ಟೇ ನೋಡಿ ದಾಟಿಸಿದರು.

ಅವರು ಮನೆ ಮುಟ್ಟುವ ಮೊದಲೇ ಸುದ್ದಿ ಊರು ಮುಟ್ಟಿತ್ತು. ಮರುದಿನ ಬೆಳಿಗ್ಗೆಯೇ ರಿತೇಶನ ಅಕ್ಕ ವಾರಿಜಾಳ ಫೋನು. ಅವಳ ಮಗಳಿಗೆ ಸಂಬಂಧ ಕುದುರುವುದರಲ್ಲಿತ್ತು, ಸುಬೇದಾರನ ಕತೆ ಅಲ್ಲಿಗೂ ಹೋಗಿತ್ತು. "ಕತಾರ್‌ನಲ್ಲಿ ಕೂತು ಮರ್ಯಾದೆ ತೆಗೆಯುವುದು ನಿನಗೆ ಸುಲಭ. ಇಲ್ಲಿ ಮುಖ ಕೊಡುವವಳು ನಾನು!" ಎಂದು ಕೂಗಿ ಇಟ್ಟಳು. ಸಂಬಂಧವೇನೂ ಮುರಿಯಲಿಲ್ಲ, ಗಂಡಿನವರಿಗೆ ಸತ್ತ ಸುಬೇದಾರನಿಗಿಂತ ಹುಡುಗಿಯ ಬ್ಯಾಂಕ್ ಕೆಲಸ ಮುಖ್ಯವಾಗಿತ್ತು. ಆದರೂ ಮದುವೆಯ ತನಕ ವಾರಿಜಾ ತಮ್ಮನೊಡನೆ ಮಾತು ಬಿಟ್ಟಳು. ಅದು ಅವನಿಗೆ ನೋಯಿತು, ಅಮಿತಾ ಕಂಡಳು.

ಪೂವಕ್ಕನ ವೀಸಾ ಮುಗಿಯುವ ಹಿಂದಿನ ಶುಕ್ರವಾರ, ತಿಂಡಿಯಾದ ಮೇಲೆ ರಿತೇಶ ತಾಯಿಯ ಪಕ್ಕದಲ್ಲಿ ಬಂದು ಕೂತ. ಮೋಕ್ಷಾ ಅಜ್ಜಿಯ ತೊಡೆಗೆ ಒರಗಿದ್ದಳು.

"ಅಮ್ಮ, ಅಜ್ಜ ಮತ್ತೇನು ಹೇಳ್ತಿದ್ರು, ಬಸ್ರಾದ್ದು?"

ಪೂವಕ್ಕ ಮೋಕ್ಷಾಳ ತಲೆ ಸವರಿದರು. "ಅಲ್ಲಿ ಸೆಕೆಗೆ ಜನ ನಿಂತಲ್ಲೇ ಬೀಳ್ತಿದ್ರಂತೆ. ಕುದುರೆಯ ಹುಲ್ಲು, ಸಿಪಾಯಿಗಳ ಅಕ್ಕಿ, ತೋಪಿನ ಗುಂಡು, ಎಲ್ಲ ಇವರ ಬೆನ್ನ ಮೇಲೆ. ಊರಿಗೆ ಬಂದ ಮೇಲೆ ಅಜ್ಜ ಮತ್ತೆ ಜನ್ಮದಲ್ಲಿ ಮೂಟೆ ಮುಟ್ಟಿದವರಲ್ಲ. ಮನೆಯ ಭತ್ತದ ಮೂಟೆಯನ್ನೂ ಅಜ್ಜಿಯೇ ಹೊರಬೇಕಿತ್ತು."

"ಅಜ್ಜಿ ಏನೂ ಹೇಳ್ಲಿಲ್ವಾ?" ಎಂದು ಕೇಳಿದಳು ಅಮಿತಾ.

"ಹೇಳದೆ ಉಂಟಾ? ಹೊರುತ್ತಾ ಹೊರುತ್ತಾ ಹೇಳ್ತಿದ್ರು" ಎಂದರು ಪೂವಕ್ಕ. ರಿತೇಶ ಜೋರಾಗಿ ನಕ್ಕ.