ಆಪಾ ಹಿಡಿದ ಸ್ವರ

“ಹಾಕಿದ್ದಂತೂ ಹಾಕಿದೆ, ಮತ್ತೆ ಹೋಯ್ತೆಲ್ಲಿ ಇದು?”

ನರ್ಜಿಸ್ ಕೇಳಿದ್ದು ಯಾರನ್ನೂ ಅಲ್ಲ. ಲ್ಯಾಪ್‌ಟಾಪಿನಲ್ಲಿ ರೆಕಾರ್ಡಿಂಗ್ ಸಾಫ್ಟ್‌ವೇರ್ ತೆರೆದಿತ್ತು, ಅದರೊಳಗೆ ಪ್ಲಗಿನ್‌ಗಳ ಪಟ್ಟಿ ತೆರೆದಿತ್ತು. ಬೆಳಗಿನಿಂದ ಹೆಣಗಿ ಇಳಿಸಿಕೊಂಡ ಪ್ಲಗಿನ್ನಿನ ಹೆಸರು ಮಾತ್ರ ಆ ಪಟ್ಟಿಯಲ್ಲಿರಲಿಲ್ಲ. ಹಿನ್ನೆಲೆಯ ಗದ್ದಲ ತೆಗೆದು ದನಿಯನ್ನಷ್ಟೇ ಉಳಿಸುವ ಪುಟ್ಟ ಸಲಕರಣೆ ಅದು. ಐವತ್ಮೂರು ವರ್ಷದ ನರ್ಜಿಸ್ ಕಂಪ್ಯೂಟರಿಗೆ ಕೈ ಹಚ್ಚಿ ಇವತ್ತಿಗೆ ಹನ್ನೊಂದು ದಿನ.

ಕಿಟಕಿ ಪಕ್ಕದ ಮಂಚದ ಮೇಲೆ ಅವಳ ಅಕ್ಕ ಮರ್ಜಿಯಾ ಆಪಾ ಅಡಕೆ ಕತ್ತರಿಸುತ್ತ ಕೂತಿದ್ದಳು. ಹೋದ ವರ್ಷ ಗಂಟಲಿನ ಆಪರೇಷನ್ ಆದಮೇಲೆ ಆಪಾಳ ದನಿ ಹೋಗಿತ್ತು. ಈಗ ಅವಳ ಮಾತೆಲ್ಲ ಕಣ್ಣು, ಕೈ ಮತ್ತು ಅಡಕತ್ತರಿ. ಅಡಕತ್ತರಿ ಒಮ್ಮೆ ಟಕ್ ಅಂದರೆ ಹೌದು. ಟಕಟಕ ಅಂದರೆ ತಂಗಿಗೆ ಬೈಗುಳ. ಈಗ ಟಕಟಕ ಅಂದಿತು.

“ಬೈಬೇಡ ಆಪಾ. ಹುಡುಕ್ತಾ ಇದ್ದೀನಲ್ಲ.”

ಮೂವತ್ತು ವರ್ಷ ಈ ಅಕ್ಕತಂಗಿಯರು ಹೈದರಾಬಾದಿನ ದಾರುಲ್‌ಶಿಫಾದ ಹೆಂಗಸರ ಮಜಲಿಸುಗಳಲ್ಲಿ, ಅಂದರೆ ಮೊಹರಮ್ಮಿನ ಶೋಕಸಭೆಗಳಲ್ಲಿ, ಸೋಜ್ ಹಾಡಿದವರು. ಕರ್ಬಲದ ಶೋಕವನ್ನು ಹೇಳುವ ಆ ಪದ್ಯಗಳಿಗೆ ವಾದ್ಯ ಕೂಡದು, ತಂಬೂರಿಯೂ ಕೂಡದು. ಒಬ್ಬಳು ಪದ್ಯ ಎತ್ತಿಕೊಂಡರೆ ಪಕ್ಕದಲ್ಲಿ ಕೂತವಳು ತಳದ ಸ್ವರವೊಂದನ್ನೇ ಹಿಡಿದು, ಉಸಿರು ತೆಗೆದದ್ದು ಗೊತ್ತಾಗದಂತೆ ಕೊನೆವರೆಗೂ ನಡೆಸಬೇಕು. ಆ ಸ್ವರಕ್ಕೆ ಆಸ್ ಅನ್ನುತ್ತಾರೆ. ಪದ್ಯ ನರ್ಜಿಸಳದು, ಆಸ್ ಆಪಾಳದು. ಆಪಾ ಪಕ್ಕದಲ್ಲಿದ್ದರೆ ನೆಲದ ಮೇಲೆ ಕಾಲೂರಿ ನಿಂತ ಹಾಗೆ ಎಂದು ನರ್ಜಿಸ್ ಹೇಳುತ್ತಿದ್ದಳು.

ಆ ಸ್ವರ ಈಗ ಉಳಿದಿರುವುದು ಒಂದೇ ಕಡೆ. ಆಪರೇಷನ್ನಿಗೆ ಮುಂಚಿನ ಬೇಸಿಗೆಯಲ್ಲಿ ಇಬ್ಬರೂ ಅಡುಗೆಮನೆಯಲ್ಲಿ ಅಭ್ಯಾಸ ಮಾಡುವಾಗ ಫೋನಿನಲ್ಲಿ ಹಿಡಿದಿಟ್ಟ ಹಾಡು. ಅದರ ತುಂಬ ಹಳೆಯ ಟೇಬಲ್ ಫ್ಯಾನಿನ ಗೊರಗೊರ.

ಕೇರಿಯ ಹುಡುಗಿಯರಿಗೆ ಸೋಜ್ ಕಲಿಸುವವಳು ಇಶ್ರತ್ ಭಾಭಿ. ಅದನ್ನು ಕೇಳಿದವಳೇ ಕಿವಿ ಮುಚ್ಚಿಕೊಂಡಿದ್ದಳು. “ಇದೇನೇ ಇದು, ಹಿಟ್ಟಿನ ಗಿರಣಿಯಲ್ಲಿ ಕೂತು ಹಾಡಿದ್ರಾ? ನೋಡು, ಬರೋ ವಾರದ ಶುಕ್ರವಾರದೊಳಗೆ ಕ್ಲೀನ್ ಮಾಡಿ ಕೊಟ್ರೆ ಹುಡುಗೀರಿಗೆ ಇದನ್ನೇ ಕೇಳಿಸಿ ಆಸ್ ಕಲಿಸ್ತೀನಿ. ಇಲ್ಲ ಅಂದ್ರೆ ಸ್ಟುಡಿಯೋದವನು ಮಿಷನ್ನಿನಲ್ಲೇ ಆಸ್ ಮಾಡಿ ಕೊಡ್ತಾನಂತೆ, ಅದನ್ನೇ ತಗೋತೀನಿ. ಮೊಹರಂ ಚಂದ್ರ ನಮಗಾಗಿ ಕಾಯಲ್ಲಮ್ಮ.”

ಮಿಷನ್ನಿನ ಆಸ್! ಅವತ್ತೇ ನರ್ಜಿಸ್ ಸೊಸೆಯ ಹಳೆಯ ಲ್ಯಾಪ್‌ಟಾಪಿನ ಧೂಳು ಒರೆಸಿ ಮುಂದೆ ಕೂತಳು. ಇವತ್ತು ಆ ಶುಕ್ರವಾರ.

ಕಲಿಸುವ ವಿಡಿಯೊವನ್ನು ಆರನೆಯ ಸಲ ಹಾಕಿದಳು. ಮಾಸ್ತರ ಸಮಾಧಾನದ ಮನುಷ್ಯ. “ಹೊಸಬರೆಲ್ಲ ಎಡವೋದು ಇಲ್ಲೇ,” ಅಂದ. “ಇಳಿಸಿದ ಜಿಪ್ ಫೈಲಿನ ಗಂಟನ್ನು ಮೊದಲು ಬಿಚ್ಚಿ. ಒಳಗಿರೋ ಫೈಲನ್ನ ಪ್ಲಗಿನ್‌ಗಳ ಫೋಲ್ಡರಿನಲ್ಲೇ ಇಡಿ, ನಿಮಗಿಷ್ಟ ಬಂದ ಕಡೆ ಅಲ್ಲ. ಆಮೇಲೆ ಇನ್ನೊಂದು ಸಲ ಸ್ಕ್ಯಾನ್ ಮಾಡು ಅಂತ ಸಾಫ್ಟ್‌ವೇರಿಗೆ ಹೇಳಿ. ಹೇಳದಿದ್ದರೆ ಅದು ಹುಡುಕಲ್ಲ.”

ನರ್ಜಿಸಳಿಗೆ ತನ್ನ ತಪ್ಪು ಹೊಳೆದು ನಗು ಬಂತು. ಅವರ ಮನೆಯಲ್ಲಿ ಮೊಹರಮ್ಮಿನ ವಸ್ತುಗಳಿಗೆಂದೇ ಬೇರೆ ಟ್ರಂಕು. ಕಪ್ಪು ಬಟ್ಟೆ, ಅಮ್ಮ ಕೈಯಾರೆ ಬರೆದ ಪದ್ಯಗಳ ಪುಸ್ತಕ, ಶರಬತ್ತಿನ ಲೋಟಗಳು ಎಲ್ಲ ಅದರಲ್ಲೇ. ದಿನಬಳಕೆಯ ಬೇರೆ ಯಾವ ವಸ್ತುವೂ ಅದಕ್ಕೆ ಸೋಕಕೂಡದು. ಅದೇ ಅಭ್ಯಾಸದಲ್ಲಿ ಅವಳು ಪರದೆಯ ಮೇಲೂ ಮೊಹರಂ ಅಂತ ಒಂದು ಫೋಲ್ಡರ್ ಮಾಡಿ, ಬಿಸ್ಮಿಲ್ಲಾ ಅಂದು, ಹಾಡನ್ನೂ ಪ್ಲಗಿನ್ನನ್ನೂ ಅದರಲ್ಲಿ ಭದ್ರವಾಗಿ ಇಟ್ಟಿದ್ದಳು. ಗಂಟನ್ನು ಬಿಚ್ಚಿಯೂ ಇರಲಿಲ್ಲ.

“ಟ್ರಂಕಿನಲ್ಲಿಟ್ಟು ಬೀಗ ಹಾಕಿದ್ದೆ ಆಪಾ. ಅದು ಪಾಪ ಹೇಗೆ ಬಂದೀತು?”

ಟಕಟಕ.

ಗಂಟು ಬಿಚ್ಚಿದಳು. ಫೈಲನ್ನು ಎಳೆದು ಅದರ ಜಾಗದಲ್ಲಿ ಬಿಟ್ಟಳು. ಸಾಫ್ಟ್‌ವೇರ್ ಮುಚ್ಚಿ ತೆರೆದು, ಸ್ಕ್ಯಾನ್ ಒತ್ತಿ, ನೀಲಿ ಗೆರೆ ಕೊನೆ ಮುಟ್ಟುವವರೆಗೆ ಬಾಯಲ್ಲೇ ಸಲವಾತ್ ಪ್ರಾರ್ಥನೆ ಹೇಳುತ್ತ ಕೂತಳು. ಪಟ್ಟಿಯಲ್ಲಿ ಹೆಸರು ಬಂದಿತ್ತು! ಹಾಡಿನ ಸಾಲಿಗೆ ಅದನ್ನು ಜೋಡಿಸಿದಳು. ಇನ್ನು ಗದ್ದಲ ಯಾವುದೆಂದು ಅದಕ್ಕೊಂದು ಮಾದರಿ ಕೇಳಿಸಬೇಕು. ತಾನು ಉಸಿರಿಗೆಂದು ಹಾಡು ನಿಲ್ಲಿಸಿದ ಒಂದು ತುಣುಕನ್ನು ಆರಿಸಿ, ಕಲಿತುಕೋ ಎಂಬ ಗುಂಡಿ ಒತ್ತಿ, ಹಾಡು ಬಿಟ್ಟಳು.

ಫ್ಯಾನು ಹೋಗಿತ್ತು. ಪದ್ಯ ಕನ್ನಡಿಯಷ್ಟು ಸ್ವಚ್ಛವಾಗಿ ಕೇಳಿತು. ಆಪಾ ಮಾತ್ರ ಎಲ್ಲೂ ಇರಲಿಲ್ಲ.

ಮತ್ತೊಮ್ಮೆ ಕೇಳಿದಳು. ಇಲ್ಲ. ಏರಿಳಿತವಿಲ್ಲದೆ ಒಂದೇ ಸಮ ಸಾಗುವ ಆಸನ್ನು ಪ್ಲಗಿನ್ ಗದ್ದಲವೆಂದೇ ಎಣಿಸಿ ಗುಡಿಸಿಹಾಕಿತ್ತು. ಕಾಲೂರಲು ನೆಲವಿಲ್ಲದೆ ತೇಲುವ ತನ್ನೊಬ್ಬಳ ದನಿಯನ್ನು ನರ್ಜಿಸ್ ಅರ್ಧಕ್ಕೇ ನಿಲ್ಲಿಸಿದಳು.

ಆಪಾಳ ಭುಜ ಕುಲುಕುತ್ತಿತ್ತು. ನಗುತ್ತಿದ್ದಾಳೆ! ಮೂಲೆಯಲ್ಲಿದ್ದ ಅದೇ ಟೇಬಲ್ ಫ್ಯಾನಿನ ಕಡೆ ಬೆರಳು ಮಾಡಿದಳು, ತನ್ನ ಎದೆಯ ಕಡೆ ಮಾಡಿದಳು, ಎರಡು ಬೆರಳು ಜೋಡಿಸಿ ತೋರಿಸಿದಳು: ಇಬ್ಬರೂ ಒಂದೇ.

“ನಗಬೇಡ! ಮಾದರಿಗೆ ಬರೀ ಫ್ಯಾನ್ ಬೇಕು, ಆಪಾ. ನೀನಿಲ್ಲದ ಜಾಗ ಬೇಕು. ನಾನು ಬಾಯಿ ಮುಚ್ಚಿದಲ್ಲೆಲ್ಲ ನೀನು ಇದ್ದೀಯ. ಒಂದು ಸಲ ಉಸಿರು ತಗೊಂಡಿದ್ರೆ ನಿನ್ನ ಗಂಟೇನು ಹೋಗ್ತಿತ್ತು?”

ಆಪಾ ನಗು ನಿಲ್ಲಿಸಿ ಬೆನ್ನು ನೆಟ್ಟಗೆ ಮಾಡಿ ಕೂತಳು. ಬಲಗೈಯನ್ನು ಮೊಣಕಾಲ ಮೇಲೆ ಅಂಗೈ ಮೇಲಾಗಿ ಇಟ್ಟು, ಕಣ್ಣು ಮುಚ್ಚಿ, ಸುಮ್ಮನೆ ಕಾದಳು. ಮೂವತ್ತು ವರ್ಷ ಪ್ರತಿ ಸೋಜಿಗೂ ಮುಂಚೆ ಕೂತ ಹಾಗೆಯೇ. ಮನಸ್ಸು ಕೂರುವ ತನಕ ಅವಳು ಆಸ್ ಎತ್ತುತ್ತಿರಲಿಲ್ಲ.

ಶುರುವಿಗೆ ಮುಂಚಿನ ಮೌನ! ನರ್ಜಿಸ್ ಅದನ್ನೇ ಮೊದಲ ದಿನ ಬೇಡದ್ದೆಂದು ಕತ್ತರಿಸಿಹಾಕಿದ್ದಳು. ಫೋನಿನಲ್ಲಿ ಪೂರ್ತಿ ಹಾಡು ಇನ್ನೂ ಇತ್ತು. ಅದನ್ನು ಲ್ಯಾಪ್‌ಟಾಪಿಗೆ ತಂದು ಹಾಕಿದಳು. ಮೊದಲು ಆಪಾಳ ಮಾತು ಕೇಳಿತು, ಹಳೆಯ ಆಪಾಳ ತುಂಬು ಗಂಟಲಿನ ಮಾತು: “ಬೇಗ ಬಾರೇ, ಖಟ್ಟಿ ದಾಲ್ ತಳ ಹತ್ತುತ್ತೆ.” ಆಮೇಲೆ ಏಳು ಸೆಕೆಂಡು ಬರಿಯ ಫ್ಯಾನು. ಆಮೇಲೆ ಆಸ್.

ನರ್ಜಿಸ್ ಆ ಮಾತನ್ನು ಇನ್ನೊಮ್ಮೆ ಹಾಕಿದಳು.

ಆ ಏಳು ಸೆಕೆಂಡನ್ನು ಪ್ಲಗಿನ್ನಿಗೆ ಕೇಳಿಸಿದಳು. ಫ್ಯಾನು ಹೋಯಿತು, ಆಪಾ ಉಳಿದಳು.

ನಾಲ್ಕು ಗಂಟೆಗೆ ಇಶ್ರತ್ ಭಾಭಿ ಬುರ್ಖಾ ಕೂಡ ತೆಗೆಯದೆ ಕೂತು ಪೂರ್ತಿ ಕೇಳಿದಳು. ಕಣ್ಣೊರೆಸಿಕೊಂಡಳು. ಆಮೇಲೆ ಮಾಸ್ತರಣಿಯಾದಳು.

“ಬಹಳ ಚೆನ್ನಾಗಿದೆ, ಹುಡುಗೀರಿಗೆ ಇದೇ ಇರಲಿ. ಆದ್ರೆ ಮೂರನೇ ಪದ್ಯದಲ್ಲಿ ಆಸ್ ಸ್ವಲ್ಪ ಇಳಿದಿದೆ, ಗಮನಿಸಿದ್ಯಾ? ಬಿದ್ದ ಸ್ವರ ಎತ್ತಿ ನೆಟ್ಟಗೆ ಕೂರಿಸೋ ಪ್ಲಗಿನ್ನೂ ಇದೆಯಂತೆ. ನಿನಗೀಗ ಹಾಕೋದು ಬರುತ್ತಲ್ಲ, ಅದನ್ನೂ ಹಾಕಿಬಿಡು.”

“ಇಳಿದದ್ದು ನಾನು, ಭಾಭಿ. ಅವತ್ತು ನನ್ನ ಗಂಟಲು ಕೈಕೊಡ್ತು. ನಾನೊಬ್ಬಳೇ ಬೀಳಬಾರದು ಅಂತ ಆಪಾ ನನ್ನ ಜೊತೆ ಇಳಿದು ಬಂದಳು.”

“ಇರಬಹುದಮ್ಮ. ಕೇಳೋ ಹುಡುಗೀರಿಗೆ ಅದೆಲ್ಲ ಏನು ಗೊತ್ತು? ಇಳಿದದ್ದನ್ನೇ ಕಲೀತಾರೆ.”

“ಅದನ್ನೇ ಕಲೀಲಿ.”

“ಹಟ ಮಾಡಬೇಡ ಕಣೇ. ನನಗೋಸ್ಕರ, ಒಂದೇ ಒಂದು ಸಾಲು. ಎರಡು ನಿಮಿಷದ ಕೆಲಸ.”

ಹೌದು, ಎರಡೇ ನಿಮಿಷ. ಗಂಟು ಬಿಚ್ಚುವುದು, ಜಾಗದಲ್ಲಿಡುವುದು, ಸ್ಕ್ಯಾನ್ ಮಾಡುವುದು. ಈಗ ಅವಳಿಗೆ ಎಲ್ಲ ಗೊತ್ತು. ನರ್ಜಿಸ್ ಲ್ಯಾಪ್‌ಟಾಪಿನ ಮುಚ್ಚಳದ ಮೇಲೆ ಅಂಗೈ ಇಟ್ಟಳು.

“ಇಲ್ಲ ಭಾಭಿ,” ಅಂದಳು. “ಮಾಡಲ್ಲ.”