ಮೊದಲ ಮದ್ದು ಯಾವ ಹಳ್ಳಕ್ಕೆ

"ಸರಿಯಾಗಿ ಒದಿಯೇ ಮುಂಡೇದೆ, ಕಲ್ಲಿಗೆ ನೋವಾಗುತ್ತೆ ಅಂತ ನೋಡ್ತಿದೀಯಾ?" ಮೇಸ್ತ್ರಿ ದಡದ ಮೇಲಿಂದ ಕೂಗಿದ.

ಬಾಯಿಬಡುಕಿ ಒದ್ದಳು. ಮೊಣಕಾಲಿನವರೆಗೆ ಕಪ್ಪು ಕೆಸರು. ಧಣಿಯ ತೊಗಲು ಹದ ಮಾಡುವ ಕಾರ್ಖಾನೆಯಲ್ಲಿ ಹಸಿ ಚರ್ಮ ಹೆರೆಯುವವಳಿಗೆ ನಾತ ಹೊಸದಲ್ಲ. ಆದರೂ ಕಾರ್ಖಾನೆಯ ಕೊಳವೆ ಹಳ್ಳಕ್ಕೆ ಬಾಯಿ ಬಿಡುವ ಈ ಜಾಗದಲ್ಲಿ ಅವಳೂ ಬಾಯಲ್ಲೇ ಉಸಿರಾಡುತ್ತಿದ್ದಳು. ಅವಳಿಗೆ ಬಾಯಿಬಡುಕಿ ಎಂದು ಹೆಸರು ಇಟ್ಟವನೂ ಮೇಸ್ತ್ರಿಯೇ. ಕೂಲಿ ಹೆಣ್ಣು ಎದುರು ನಿಂತು ಒಂದು ಪ್ರಶ್ನೆ ಕೇಳಿದರೆ ಅದಕ್ಕಿಂತ ಒಳ್ಳೆಯ ಹೆಸರು ಸಿಗುವುದಿಲ್ಲ.

ಹಳ್ಳಗಳ ಆರೋಗ್ಯ ನೋಡಲು ಸರ್ಕಾರದಿಂದ ಬಂದಿದ್ದ ಸಾಹೇಬರು ಮೂಗಿಗೆ ಕರವಸ್ತ್ರ ಒತ್ತಿಕೊಂಡು, ಉದ್ದ ಕೋಲಿನ ಬಲೆಯನ್ನು ದಡದಿಂದಲೇ ನೀರಿಗೆ ಚಾಚಿದ್ದರು. ನೀರಿಗಿಳಿದವರು ಕಲ್ಲು ಒದೆಯಬೇಕು, ಕಲ್ಲಡಿಯ ಹುಳುಹುಪ್ಪಟೆ ತೇಲಿ ಬಂದು ಬಲೆಗೆ ಬೀಳಬೇಕು. ಎಂಥ ಹುಳ ಬಿತ್ತು ಎಂಬುದರ ಮೇಲೆ ಹಳ್ಳದ ಆರೋಗ್ಯ ಗೊತ್ತಾಗುತ್ತದಂತೆ. ಗುಡ್ಡದಿಂದ ಇಳಿಯುವ ಹಳ್ಳಗಳು ಎರಡು: ಒಂದು ಕೇರಿಯದು, ಇನ್ನೊಂದು ಧಣಿಯ ಬಂಗಲೆಯ ಪಕ್ಕದ್ದು. ಸರ್ಕಾರ ಈ ಸಲ ದುರಸ್ತಿ ಮಾಡಿಸುವುದು ಒಂದನ್ನು ಮಾತ್ರ. ಅದು ಕೇರಿಯದಾದರೆ ಕೊಳವೆ ಮುಚ್ಚಲೇಬೇಕು. ಅವಳ ಮಗಳ ಕಾಲಿನ ಹುಣ್ಣು ಆಗಲಾದರೂ ಒಣಗೀತು.

ಸಾಹೇಬರಿಗೆ ಹಳ್ಳದ ಯಾವ ಜಾಗ ತೋರಿಸುವುದು ಎಂದು ಹಿಂದಿನ ದಿನ ಕೇರಿಯವರೆಲ್ಲ ಕೂತು ಮಾತಾಡಿದ್ದರು. ಹಳ್ಳ ತಿರುಗುವಲ್ಲಿ ಒಂದು ಒರತೆಯಿದೆ. ಅಲ್ಲಿ ಈಗಲೂ ಬೆರಳುದ್ದದ ಮೀನು ಆಡುತ್ತವೆ. ಅಲ್ಲಿಗೆ ಕರೆದುಕೊಂಡು ಹೋಗೋಣ ಎಂದವರ ಬಾಯಿ ಮುಚ್ಚಿಸಿದವಳು ಅವಳ ಅತ್ತೆ.

"ದೊಡ್ಡಾಸ್ಪತ್ರೇಲಿ ನೋಡಿಲ್ವೇನ್ರೋ? ತಲೆನೋವು ಅಂದೋನ್ನ ಬೆಂಚಿನ ಮೇಲೆ ಕೂರಿಸ್ತಾರೆ. ಮೇಲುಸಿರು ಬಿಡ್ತಿರೋನ್ನ ಒಳಕ್ಕೆ ಎತ್ಕೊಂಡು ಓಡ್ತಾರೆ. ಮೀನು ಗೀನು ತೋರಿಸಿದ್ರೆ ಇವ್ರಿಗೇನ್ ಬಂದಿದೆ ರೋಗ ಅಂತ ಹೋಗ್ಬಿಡ್ತಾರೆ. ಕೊಳವೆ ಬಾಯಿಗೇ ತಂದು ನಿಲ್ಸಿ."

ಸರಿಯೆನಿಸಿತ್ತು. ಹೆರಿಗೆಯ ದಿನ ಅವಳೂ ಹಾಗೆಯೇ ಎಲ್ಲರಿಗಿಂತ ಮೊದಲು ಒಳಗೆ ಹೋದವಳು. ಕೊಳವೆಯ ಹತ್ತಿರ ಹೊರಗಿನವರನ್ನು ಸುಳಿಯಗೊಡದ ಮೇಸ್ತ್ರಿ ಈವತ್ತು ತಾನೇ ಮುಂದೆ ನಿಂತು ದಾರಿಯ ಮುಳ್ಳು ಸರಿಸಿದಾಗಲಾದರೂ ಅನುಮಾನ ಬರಬೇಕಿತ್ತು. ಬರಲಿಲ್ಲ.

ಬಲೆಯಲ್ಲಿ ಸಿಕ್ಕಿದ್ದು ಕೊಳೆತ ಕೂದಲು, ಕೊಳಕಿನಲ್ಲಷ್ಟೇ ಹುಟ್ಟುವ ಒಂದಿಷ್ಟು ಕೆಂಪು ಹುಳ.

"ನೋಡಿ ಸ್ವಾಮಿ, ಏನೇನೂ ಬದುಕಿಲ್ಲ," ಎಂದಳು ಹಿಗ್ಗಿನಿಂದ. ಸಾಹೇಬರು ಹೌದೆಂದು ತಲೆಯಾಡಿಸಿದರು.

ಧಣಿಯ ಬಂಗಲೆಯವರೆಗೆ ಬಕೀಟು, ತಟ್ಟೆ ಹೊತ್ತವಳೂ ಅವಳೇ. ಅತ್ತೆ ಮೊಮ್ಮಗಳನ್ನು ಸೊಂಟಕ್ಕೇರಿಸಿಕೊಂಡು ಕೇರಿಯ ಹೆಂಗಸರ ಜೊತೆ ಹಿಂದೆಯೇ ಬಂದು ತಂತಿ ಬೇಲಿಯ ಹೊರಗೆ ನಿಂತಳು. ಒಳಗೆ ಕಲ್ಲಿನ ಮೆಟ್ಟಿಲು, ತಳ ಕಾಣುವ ನೀರು. ಅಭ್ಯಾಸಬಲದಿಂದ ಅವಳು ಮೆಟ್ಟಿಲಿಗೆ ಕಾಲಿಟ್ಟಳು. ಮೇಸ್ತ್ರಿ ರಟ್ಟೆ ಹಿಡಿದು ಎಳೆದ.

"ಇಲ್ಲಿ ಇಳೀಬೇಡ. ಕಾಲು ನೋಡ್ಕೋ. ಧಣಿಗಳ ಮಕ್ಕಳು ಈಜೋ ನೀರಿದು."

"ಕಾಲಿಗೆ ಈ ಗತಿ ಯಾರ ಕೊಳವೆಯಿಂದ ಬಂತು?"

"ಬಾಯಿ ಮುಚ್ಚೇ, ಹಡಬಿಟ್ಟಿ."

ಇಲ್ಲಿ ಸಾಹೇಬರಿಗೆ ಯಾರ ಕಾಲೂ ಬೇಕಾಗಲಿಲ್ಲ. ಪ್ಯಾಂಟು ಮಡಚಿ ತಾವೇ ಇಳಿದರು, ತಾವೇ ಕಲ್ಲು ಒದ್ದರು. ಬಲೆಯ ತುಂಬ ಮಿಸುಕಾಡುವ ಹುಳು, ಮರಿಮೀನು. ಮುಖ ಅರಳಿತು. ಬಲೆಯನ್ನು ಇನ್ನೊಂದು ಸಲಕ್ಕೆಂದು ಕಲ್ಲುಗಳ ನಡುವೆ ಊರಿ ಮೇಲೆ ಬಂದರು. ಧಣಿ ಕುರ್ಚಿ ಹಾಕಿಸಿ ಚಹಾ ತರಿಸಿದ್ದ.

"ಇದಕ್ಕೇ ಮೊದಲು," ಎಂದರು ಸಾಹೇಬರು. "ಸ್ವಲ್ಪ ಆರೈಕೆ ಮಾಡಿದ್ರೆ ಚೇತರಿಸ್ಕೊಳ್ಳುತ್ತೆ."

ಬಾಯಿಬಡುಕಿ ಬಕೀಟನ್ನು ಕೆಳಗಿಟ್ಟಳು. "ಸ್ವಾಮಿ, ಕಾಯಿಲೆ ನಮ್ಮ ಹಳ್ಳಕ್ಕಲ್ವಾ?"

"ಅದು ಕಾಯಿಲೆ ಅಲ್ಲಮ್ಮ, ಸತ್ತೇ ಹೋಗಿದೆ." ಸಾಹೇಬರು ಮೆತ್ತಗೇ ಹೇಳಿದರು. "ಸರ್ಕಾರ ಕೊಡೋದು ಹಿಡಿಯಷ್ಟು. ಬದುಕೋದಕ್ಕೆ ಮೊದಲು ಹಾಕ್ಬೇಕು. ಸತ್ತಿದ್ದಕ್ಕೆ ಸುರಿದ್ರೆ ಹೊಳೇಲಿ ಹುಣಸೆಹಣ್ಣು ಕಿವುಚಿದ ಹಾಗೆ."

"ಸತ್ತಿಲ್ಲ ಸ್ವಾಮಿ. ತಿರುವಿನ ಹತ್ರ ಒರತೆ ಇದೆ, ಮೀನಿದೆ. ಬನ್ನಿ, ತೋರಿಸ್ತೀನಿ."

"ಬೆಳಗ್ಗೆ ಯಾಕೆ ಹೇಳ್ಲಿಲ್ಲ? ಜಾಗ ತೋರಿಸಿದ್ದು ನೀವೇ ಅಲ್ವಾ?"

ಧಣಿ ನಕ್ಕ. "ಏನೇನೂ ಬದುಕಿಲ್ಲ ಅಂತ ಇವಳೇ ಅಂದ್ಳಂತೆ, ಮೇಸ್ತ್ರಿ ಹೇಳ್ದ. ಚರಂಡಿ ಅಂತ ಬರ್ಕೊಂಡ್ಬಿಡಿ ಸಾಹೇಬ್ರೇ. ಇನ್ನೊಂದು ಕೊಳವೆ ಹಾಕ್ಬೇಕು ಅಂತಿದ್ದೆ. ಸತ್ತಿದ್ದಕ್ಕೆ ನಾತದ ಚಿಂತೆ ಎಲ್ಲಿ?"

ಸಾಹೇಬರು ಚಹಾದ ಲೋಟದೊಳಗೆ ನೋಡುತ್ತ ಕೂತರು. ಬೇಲಿಯಾಚೆ ಅತ್ತೆ ತನ್ನ ಬಾಯಿಗೆ ತಾನೇ ಹೊಡೆದುಕೊಂಡಳು. ಅದನ್ನು ಕಂಡು ಬಾಯಿಬಡುಕಿಯ ಹೊಟ್ಟೆಗೆ ಬೆಂಕಿ ಬಿತ್ತು. ಧಣಿಯ ಮೇಲಿನ ಸಿಟ್ಟು ಹಳೆಯದು, ಅದನ್ನು ದಿನಾ ನುಂಗಿ ಅಭ್ಯಾಸವಾಗಿತ್ತು. ಅಮ್ಮ ಎಂದು ಕರೆದು, ಮೆತ್ತಗೆ ಮಾತಾಡಿ, ಮಗಳನ್ನು ಚರಂಡಿಯಲ್ಲಿ ಬಿಟ್ಟು ಎದ್ದು ಹೋಗುವ ಈ ಸಾಹೇಬರ ಮೇಲಿನ ಸಿಟ್ಟು ಹೊಸದು. ಅದು ಗಂಟಲಲ್ಲಿ ಇಳಿಯಲಿಲ್ಲ.

ಅವಳು ಮೆಟ್ಟಿಲಿಳಿದು ನೀರಿಗೆ ನಡೆದಳು. ಬಲೆಗೆ ನೀರು ಹರಿದು ಬರುವ ಕಡೆ ನಿಂತು, ಬೆಳಗ್ಗೆ ಕಲಿಸಿದ್ದಂತೆಯೇ ಕಲ್ಲು ಒದೆಯತೊಡಗಿದಳು. ಕಾಲಿನ ಕಪ್ಪು ಕೆಸರು ಬಿಟ್ಟುಕೊಂಡು ಸೀದಾ ಬಲೆಯೊಳಗೆ ಹರಿಯಿತು.

"ಏನೇ ಮಾಡ್ತಿದೀಯಾ, ಬೋಳಿ?" ಮೇಸ್ತ್ರಿ ಓಡಿ ಬಂದ.

"ನೀನೇ ಹೇಳಿದ್ಯಲ್ಲೋ, ಸರಿಯಾಗಿ ಒದಿ ಅಂತ." ಅವಳು ಬೇಲಿಯ ಕಡೆ ತಿರುಗಿದಳು. "ಅತ್ತೆ, ಒಳಗೆ ಬಾ. ಮಗೂನ ಕರ್ಕೊಂಡು ಬಾ. ನಮ್ಮ ಹಳ್ಳ ಸತ್ತಿದೆಯಂತೆ, ಇನ್ಮೇಲೆ ಕಾಲು ಇಲ್ಲೇ ತೊಳೆಯೋಣ."

ಆಮೇಲೆ ಕುರ್ಚಿಯ ಕಡೆ ನೋಡಿದಳು.

"ಬಲೆ ಎತ್ತಿ ಸ್ವಾಮಿ. ನಾನು ಬದುಕಿದೀನೋ ಸತ್ತಿದೀನೋ ನೋಡಿ ಹೇಳಿ."

ಸಾಹೇಬರು ಏಳಲಿಲ್ಲ. ಮೇಸ್ತ್ರಿ ದೊಣ್ಣೆ ಹುಡುಕುತ್ತಿದ್ದ. ಬೇಲಿಯ ಕೆಳತಂತಿಯನ್ನು ಒಬ್ಬಳು ತುಳಿದು ಹಿಡಿದಳು, ಮೇಲಿನದನ್ನು ಇನ್ನೊಬ್ಬಳು ಎತ್ತಿದಳು. ಅತ್ತೆ ಮೊಮ್ಮಗಳನ್ನು ಎದೆಗವಚಿಕೊಂಡು, ತಲೆ ತಗ್ಗಿಸಿ ಒಳಗೆ ನುಗ್ಗಿದಳು.