ಬೀಳಲೆಂದು ಕಟ್ಟಿದ ಮನೆ

ಚಿಕ್ಕಮ್ಮ ಒಂದು ಊರನ್ನೇ ಗೋಣಿಚೀಲಕ್ಕೆ ತುಂಬುತ್ತಿದ್ದಳು. ಥರ್ಮೋಕೋಲಿನ ಮುರುಕು ಗೋಡೆ, ಬಾಟಲಿ ಮುಚ್ಚಳದ ನೀರಿನ ಟ್ಯಾಂಕು, ಹಳೇ ರೇಡಿಯೋ ಬಿಚ್ಚಿ ಮಾಡಿದ ಕಾರ್ಖಾನೆ. ಭಾವನನ್ನು ಮಣ್ಣು ಮಾಡಿ ಬಂದ ಜನಕ್ಕೆ ಕೂರಲು ಜಾಗ ಬೇಕಿತ್ತು. ಭಾವನ ಮಗಳು ಓಡಿಬಂದು ಚೀಲ ಕಸಿದುಕೊಂಡಳು.

"ಇದು ಕಸ ಅಲ್ಲ ಚಿಕ್ಕಮ್ಮ, ಅಪ್ಪ ಮಾಡಿದ್ದು."

"ಇದ್ರಲ್ಲಿ ಕಸ ಯಾವ್ದು, ಮಾಡಿದ್ದು ಯಾವ್ದು ಅಂತ ನೀನೇ ಹೇಳಮ್ಮ."

ಮಗಳಿಗೂ ಗೊತ್ತಿರಲಿಲ್ಲ. ಅಪ್ಪ ಮನೆ ಕಟ್ಟುವ ಮೇಸ್ತ್ರಿ. ನೆಂಟರ ಮನೆಗೆ ಹೋದರೆ ನೆಂಟರಿಗಿಂತ ಮೊದಲು ಗೋಡೆಯ ಮೂಲೆಗಳನ್ನು ಮಾತಾಡಿಸುತ್ತಿದ್ದ ಆಸಾಮಿ. ಮೊಣಕಾಲು ಕೈಕೊಟ್ಟು ಮನೆ ಹಿಡಿದ ಮೇಲೆ, ಲೋಕ ಹಾಳಾದ ನಂತರದ ಯುದ್ಧವನ್ನು ಮೇಜಿನ ಮೇಲೆ ಗೊಂಬೆ ಸೈನಿಕರನ್ನಿಟ್ಟು ಆಡುವವರ ಸಹವಾಸವಾಯಿತು. ಅವರ ಆಟಕ್ಕೆ ಪಾಳುಬಿದ್ದ ಪುಟ್ಟ ಊರು ಬೇಕಿತ್ತು, ಅಪ್ಪ ಮಾಡಿಕೊಡತೊಡಗಿದ.

*

ಕಳೆದ ಬೇಸಿಗೆಯ ಒಂದು ಮಧ್ಯಾಹ್ನ ಅವಳು ಬಾಗಿಲ ಸಂದಿಯಿಂದ ನೋಡಿದ್ದಳು. ಅಪ್ಪ ವಾರಗಟ್ಟಲೆ ಕೂತು ಪುಟ್ಟ ಮನೆಯೊಂದನ್ನು ಮುಗಿಸಿದ್ದ. ಒಂದೊಂದು ಇಟ್ಟಿಗೆಯನ್ನೂ ಬೇರೆಯಾಗಿ ಕತ್ತರಿಸಿ ಅಂಟಿಸಿದ್ದು, ಕಿಟಕಿಗೆ ಸರಳು, ಒಳಗೆ ಮೆಟ್ಟಿಲು. ಅದನ್ನು ಸುತ್ತ ತಿರುಗಿಸಿ ನೋಡಿ, ಇಕ್ಕಳ ತೆಗೆದುಕೊಂಡು ಛಾವಣಿ ಕಿತ್ತುಹಾಕಿದ. ಅವಳು ಸದ್ದಾಗದಂತೆ ಬಾಗಿಲಿನಿಂದ ಹಿಂದೆ ಸರಿದಳು. ಅಪ್ಪನಿಗೆ ಬದುಕೇ ಇಷ್ಟು ಬೇಸರವಾಯಿತೇ ಎಂಬ ಮುಳ್ಳು ಅಂದಿನಿಂದ ಒಳಗೇ ಉಳಿದಿತ್ತು.

*

ಮಣ್ಣಾದ ದಿನವೇ ಸಂಜೆ ಅಪ್ಪನ ಆಟದ ಜೊತೆಗಾರರು ಬಂದರು. ಅವರಲ್ಲೊಬ್ಬನಾದ ಔಷಧಿ ಅಂಗಡಿಯವನನ್ನು ಪಕ್ಕಕ್ಕೆ ಕರೆದು ಅವಳು ಕೇಳಿಯೇಬಿಟ್ಟಳು.

"ಅಪ್ಪ ಕೊನೆಗಾಲದಲ್ಲಿ ತುಂಬಾ ನೊಂದಿದ್ರಾ? ಕಟ್ಟಿದ್ದನ್ನ ತಾವೇ ಮುರೀತಿದ್ರು."

ಸಾವಿನ ಮನೆಯೆಂಬುದನ್ನೂ ಮರೆತು ಆತ ನಕ್ಕುಬಿಟ್ಟ.

"ನಾವೆಲ್ಲ ಮೊದಲೇ ಮುರುಕಾಗಿ ಕತ್ತರಿಸ್ತೀವಮ್ಮ. ಮೇಸ್ತ್ರಿಗಳು ಒಪ್ತಿರಲಿಲ್ಲ. ಸರಿಯಾಗಿ ಕಟ್ಟದ ಮನೆ ಸರಿಯಾಗಿ ಬೀಳಲ್ಲ ಅನ್ನೋರು. ಪೂರ್ತಿ ಕಟ್ಟಿ, ಬಾಂಬ್ ಎಲ್ಲಿ ಬಿತ್ತು ಅಂತ ಯೋಚ್ನೆ ಮಾಡಿ, ಆಮೇಲೆ ಮುರಿಯೋರು. ಇಷ್ಟು ವರ್ಷ ಬೀಳಬಾರ್ದು ಅಂತ ಕಟ್ಟಿದೀನಿ, ಈಗ ಬೀಳಿಸೋದು ಎಂಥಾ ಮಜಾ ಗೊತ್ತಾ ಅಂತ ಮಗು ಥರ ನಗೋರು."

ಅವಳಿಗೆ ಮೊದಲು ಅಳು ಬಂತು, ಬೆನ್ನಿಗೇ ನಗು. ಎದೆಯ ಮೇಲಿನ ಚಪ್ಪಡಿಯನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟಂತಾಯಿತು. ಎಲ್ಲರೂ ಸೇರಿ ಚೀಲವನ್ನು ಚಾಪೆಯ ಮೇಲೆ ಸುರಿದು ಊರನ್ನು ಜೋಡಿಸಿದರು. ಚಿಕ್ಕಮ್ಮನೂ ಗೊಣಗುತ್ತಲೇ ಒಂದು ಕಾಂಪೌಂಡು ನಿಲ್ಲಿಸಿದಳು. ಕಪಾಟಿನ ಮೇಲೆ ಇನ್ನೊಂದು ಸಿಕ್ಕಿತು: ಎರಡಂತಸ್ತಿನ ಮನೆ, ಎಲ್ಲೂ ಒಂದು ಬಿರುಕಿಲ್ಲ. ನೆನಪಿಗೆ ಇದನ್ನು ಹೀಗೇ ಇಟ್ಟುಬಿಡೋಣ ಎಂದು ಔಷಧಿ ಅಂಗಡಿಯವನು ಮೆಲ್ಲಗೆ ಹೇಳಿದ.

ಬೆಳಗಿನಿಂದ ಮೂಲೆಯಲ್ಲೇ ಕೂತಿದ್ದ ಅಮ್ಮ ಎದ್ದು ಬಂದು ಅದನ್ನು ತೆಗೆದುಕೊಂಡಳು.

"ಅರ್ಧಕ್ಕೆ ಬಿಟ್ಟ ಕೆಲಸ ಅವರಿಗೆ ಆಗ್ತಿರಲಿಲ್ಲ," ಎಂದವಳೇ ಮೇಲಂತಸ್ತಿನ ಮೂಲೆ ಹಿಡಿದು ಲಟಕ್ಕನೆ ಮುರಿದಳು. ಚೂರುಗಳು ಸೆರಗಿಗೆ ಬಿದ್ದವು. ಅಮ್ಮ ಮನೆಯನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿ, ಕಿಟಕಿಗೆ ಕೈ ಹಾಕಿದಳು.